‘ಇಂದ’ ಎಂಬ ಸಾಲಿನ ಗೌರವ

ಪತ್ರಲೇಖನದ ಪಾಠವನ್ನು ಕಲಿಯದೆ ಮೇಲಿನ ತರಗತಿಗೆ ಹೋದ ಕನ್ನಡ ವಿದ್ಯಾರ್ಥಿಯಿಲ್ಲ. ಹಾಳೆಯ ಎಡಭಾಗದಲ್ಲಿ ಮೊದಲು ‘ಇಂದ’ ಎಂದು ಬರೆದು, ಅದರ ಕೆಳಗೆ ತನ್ನ ಹೆಸರನ್ನೂ ತರಗತಿಯನ್ನೂ ಊರನ್ನೂ ಬರೆಯಬೇಕು. ಅನಂತರ ‘ಗೆ’ ಎಂದು ಬರೆದು ಪತ್ರ ಯಾರಿಗೆ ಸೇರಬೇಕೋ ಅವರನ್ನು ಸೂಚಿಸಬೇಕು. ಆಮೇಲೆಯೇ ‘ಮಾನ್ಯರೇ’ ಎಂದು ವಿಷಯಕ್ಕೆ ಕೈಹಾಕಬೇಕು. ಈ ಕ್ರಮವನ್ನು ನಾವು ಅಂಕಗಳಿಗಾಗಿ ಬಾಯಿಪಾಠ ಮಾಡುತ್ತೇವೆಯೇ ಹೊರತು ಅದರ ಅರ್ಥವನ್ನು ಕುರಿತು ಯೋಚಿಸುವುದು ಅಪರೂಪ. ಮಾತಿಗೆ ಮುಂಚೆ ಮಾತನಾಡುವವನು ಎದುರಿಗೆ ಬಂದು ನಿಲ್ಲಬೇಕು, ಹೇಳಿದುದಕ್ಕೆ ಹೊಣೆಗಾರನು ಯಾರೆಂಬುದು ಮೊದಲೇ ತಿಳಿದಿರಬೇಕು ಎಂಬುದೇ ಆ ಕ್ರಮದ ತಾತ್ಪರ್ಯ. ಕಾಗದದಿಂದ ಗಣಕಯಂತ್ರಕ್ಕೆ ಬಂದ ಈ ಕಾಲದಲ್ಲಿ ಆ ‘ಇಂದ’ ಎಂಬ ಸಾಲು ಮರೆಯಾಗಿಲ್ಲ. ಕಣ್ಣಿಗೆ ಬೀಳದ ಜಾಗಕ್ಕೆ ಸರಿದಿದೆ, ಅಷ್ಟೆ. ಅಲ್ಲಿ ಏನನ್ನು ಬರೆಯಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಇದಕ್ಕೆ ಉದಾಹರಣೆಯಾಗಿ ಸುದ್ದಿಗುಂಪುಗಳನ್ನು ಓದುವ ತಂತ್ರಾಂಶವನ್ನು ತೆಗೆದುಕೊಳ್ಳೋಣ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದ ಗಣಕದಿಂದ ಇನ್ನೊಂದಕ್ಕೆ ದೂರವಾಣಿ ತಂತಿಯ ಮೂಲಕ ಬರೆಹಗಳನ್ನು ಸಾಗಿಸುವ ಏರ್ಪಾಟನ್ನು ಯೋಚಿಸಿದರು. ಅದೇ ಯೂಸ್‌ನೆಟ್. ವಿಷಯಕ್ಕೊಂದು ಗುಂಪು; ಗುಂಪಿಗೆ ಒಬ್ಬನು ಬರೆದುದನ್ನು ಲೋಕದ ಎಲ್ಲ ಓದುಗರೂ ಕಾಣಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಊರ ಅರಳಿಕಟ್ಟೆಯ ಮೇಲಿನ ಮಾತುಕತೆಗೆ ಗಡಿಗಳನ್ನೆಲ್ಲ ತೆಗೆದುಹಾಕಿದರೆ ಹೇಗಿರುತ್ತದೆಯೋ ಹಾಗೆ. ಆ ಕಟ್ಟೆಯಲ್ಲಿ ಕನ್ನಡಿಗರಿಗೂ ಒಂದು ಮೂಲೆಯಿತ್ತು. ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಗುಂಪಿನಲ್ಲಿ 1990ರ ದಶಕದಲ್ಲಿ ಹೊರದೇಶಗಳ ಕನ್ನಡಿಗರು ಸೇರುತ್ತಿದ್ದರು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು. ಅದಕ್ಕೆ ಮೊದಲು ವಿದ್ಯಾಸಂಸ್ಥೆಗಳು, ಸಂಶೋಧನಾಲಯಗಳು ಮುಂತಾದ ಕೆಲವೆಡೆ ಮಾತ್ರ ಗಣಕಜಾಲದ ಸೌಲಭ್ಯವಿತ್ತು.

ಈಗ ಸುದ್ದಿಗುಂಪುಗಳ ಭರಾಟೆ ತಗ್ಗಿದೆ. 2024ರ ಫೆಬ್ರವರಿ 22ರಿಂದ ಗೂಗಲ್ ಸಂಸ್ಥೆಯು ತನ್ನ ಮೂಲಕ ಯೂಸ್‌ನೆಟ್ಟಿಗೆ ಹೊಸ ಬರೆಹಗಳನ್ನು ಕಳುಹಿಸುವುದನ್ನು ನಿಲ್ಲಿಸಿತು. ಆದರೂ ಬೇರೆ ಸೇವಾಗಣಕಗಳ ಮೂಲಕ ಗುಂಪುಗಳು ನಡೆಯುತ್ತಲೇ ಇವೆ. ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಅವುಗಳನ್ನು ಓದಬಹುದು, ಬರೆಯಬಹುದು. ಅಲ್ಲಿ ಕಲಿತ ಶಿಸ್ತು ನಮ್ಮ ದಿನನಿತ್ಯದ ಮಿಂಚಂಚೆಗೂ ಅಕ್ಷರಶಃ ಅನ್ವಯಿಸುತ್ತದೆ. ಏಕೆಂದರೆ ಎರಡಕ್ಕೂ ‘ಇಂದ’ ಎಂಬ ಸಾಲಿನ ರಚನೆ ಒಂದೇ.

ಆ ರಚನೆ ಬಹು ಸರಳ. ತಂತ್ರಾಂಶದಲ್ಲಿ ಹೊಸ ಖಾತೆಯನ್ನು ತೆರೆಯುವಾಗ ಅದು ಮೊದಲು ಎರಡು ಸಂಗತಿಗಳನ್ನು ಕೇಳುತ್ತದೆ: ನಿಮ್ಮ ಹೆಸರೇನು, ನಿಮ್ಮ ಮಿಂಚಂಚೆಯ ವಿಳಾಸವೇನು? ಅನಂತರ ಬರೆಹಗಳನ್ನು ತಂದುಕೊಡುವ ಸೇವಾಗಣಕದ ಹೆಸರನ್ನು ಕೇಳುತ್ತದೆ. ಮುಂದೆ ‘ಅಕೌಂಟ್ ಸೆಟ್ಟಿಂಗ್ಸ್’ ಎಂಬ ಪುಟದಲ್ಲಿ ಇವನ್ನು ತಿದ್ದಬಹುದು. ಉತ್ತರಗಳು ಬೇರೆ ವಿಳಾಸಕ್ಕೆ ಬರಬೇಕಾಗಿದ್ದರೆ ಅದಕ್ಕೂ, ಬರೆಹದ ಕೆಳಗೆ ತಾನಾಗಿ ಮೂಡುವ ಒಕ್ಕಣೆಗೂ ಅಲ್ಲಿಯೇ ಜಾಗವಿದೆ. ಈ ಹೆಸರು ಮತ್ತು ವಿಳಾಸ ಸೇರಿ ‘ಇಂದ’ ಎಂಬ ಸಾಲಾಗುತ್ತದೆ: ಮೊದಲು ಹೆಸರು, ಆಮೇಲೆ ಕೋನಾಕಾರದ ಆವರಣದೊಳಗೆ ವಿಳಾಸ.

ಇಲ್ಲಿ ಕಾಗದಕ್ಕೂ ಗಣಕಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾಗದದಲ್ಲಿ ಪ್ರತಿಯೊಂದು ಸಲವೂ ನಮ್ಮ ಹೆಸರನ್ನು ನಾವೇ ಬರೆಯುತ್ತೇವೆ. ಬರೆಯುವಾಗ ಒಂದು ಕ್ಷಣವಾದರೂ ಅದರ ಕಡೆ ಗಮನ ಹೋಗುತ್ತದೆ. ಗಣಕದಲ್ಲಿ ಒಮ್ಮೆ ತುಂಬಿದ ಹೆಸರು ಮುಂದಿನ ಸಾವಿರ ಬರೆಹಗಳ ತಲೆಯ ಮೇಲೆ ತಾನಾಗಿ ಕೂರುತ್ತದೆ. ಹಲವರು ಬಳಸುವ ಶಾಲೆಯ ಗಣಕದಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ತಂಡದ ಬಾಲಕನು ತನ್ನ ಹೆಸರನ್ನು ಅಲ್ಲಿಯೇ ಬಿಟ್ಟುಹೋದರೆ ಮಧ್ಯಾಹ್ನದ ತಂಡದ ಬಾಲಕಿಯು ಬರೆದುದು ಅವನ ಹೆಸರಿನಲ್ಲಿ ಲೋಕಕ್ಕೆ ಹೋಗುತ್ತದೆ. ಕೆಲವು ಹಳೆಯ ತಂತ್ರಾಂಶಗಳಲ್ಲಿ ಏನನ್ನೂ ತುಂಬದಿದ್ದರೆ ಗಣಕಕ್ಕೆ ಯಾರೋ ಇಟ್ಟ ಬಳಕೆಯ ಹೆಸರೇ ಕಳುಹಿಸಿದವನ ಹೆಸರಾಗಿಬಿಡುತ್ತಿತ್ತು. ಹೋದ ಮೇಲೆ ತಿದ್ದೋಣವೆಂದರೆ, ಇಂದು ಹೆಸರನ್ನು ಬದಲಿಸಿದ ಮಾತ್ರಕ್ಕೆ ನಿನ್ನೆಯ ಬರೆಹದ ಮೇಲಿನ ಹೆಸರು ಬದಲಾಗದು. 2001ರಲ್ಲಿ ಗೂಗಲ್ ಸಂಸ್ಥೆಯು ಯೂಸ್‌ನೆಟ್ಟಿನ ಹಳೆಯ ಸಂಗ್ರಹವನ್ನು ಸಾರ್ವಜನಿಕರ ಮುಂದಿಟ್ಟಾಗ 1981ರಷ್ಟು ಹಿಂದಿನ ಬರೆಹಗಳೂ ಬರೆದವರ ಹೆಸರಿನೊಡನೆ ಹೊರಬಂದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದುದು ಬಾಯಿಮಾತನ್ನು ಕುರಿತು. ಇಲ್ಲಿ ಮಾತು ಹೋಗುವುದೂ ಇಲ್ಲ; ಹೆಸರಿನೊಡನೆ ಹಾಗೆಯೇ ಉಳಿದಿರುತ್ತದೆ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಹೆಸರಿನ ಚೌಕದಲ್ಲಿ ಏನನ್ನು ತುಂಬಿದರೂ ತಂತ್ರಾಂಶವು ಅದನ್ನು ಪ್ರಶ್ನಿಸುವುದಿಲ್ಲ. ರಾಮನು ಭೀಮನೆಂದು ಬರೆದರೆ ಭೀಮನೆಂದೇ ಹೋಗುತ್ತದೆ. 1984ರ ಏಪ್ರಿಲ್ 1ರಂದು ಯೂಸ್‌ನೆಟ್ಟಿನಲ್ಲಿ ಒಂದು ಬರೆಹ ಕಾಣಿಸಿಕೊಂಡಿತು. ಕಳುಹಿಸಿದವರು ಸೋವಿಯೆತ್ ಒಕ್ಕೂಟದ ಅಂದಿನ ನಾಯಕ ಚೆರ್ನೆಂಕೊ. ಅದನ್ನು ಹೊರಡಿಸಿದ ಗಣಕದ ಹೆಸರು ‘ಕ್ರೆಮ್‌ವ್ಯಾಕ್ಸ್’. ಸೋವಿಯೆತ್ ದೇಶವೂ ಯೂಸ್‌ನೆಟ್ಟಿಗೆ ಸೇರಿತೆಂದು ಅದರಲ್ಲಿ ಬರೆದಿತ್ತು. ನಂಬಿದವರು ಹಲವರು. ವಾಸ್ತವದಲ್ಲಿ ಅದನ್ನು ಬರೆದವರು ನೆದರ್ಲೆಂಡ್ಸ್‌ನ ಪೀಟ್ ಬೇರ್ತೆಮಾ ಎಂಬ ಗಣಕತಜ್ಞರು. ಅದು ಮೂರ್ಖರ ದಿನದ ವಿನೋದ. ನಕ್ಕು ಮರೆಯಬಹುದಾದ ಘಟನೆಯೇ ಹೌದು. ಆದರೆ ಒಂದು ದೇಶದ ನಾಯಕನ ಹೆಸರನ್ನೇ ಅಷ್ಟು ಸುಲಭವಾಗಿ ಹಾಕಿಕೊಳ್ಳಬಹುದಾದರೆ ನಮ್ಮ ನಿಮ್ಮಂಥವರ ಹೆಸರಿನ ಪಾಡೇನು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಅಂಚೆಯ ಲಕೋಟೆಯನ್ನು ನೆನೆಯಿರಿ. ಅದರ ಮೇಲೆ ‘ಇಂದ’ ಎಂಬುದನ್ನು ಬರೆಯುವವನು ಕಳುಹಿಸುವವನು. ಠಸ್ಸೆ ಒತ್ತುವುದು ಅಂಚೆಯ ಕಚೇರಿ. ಕುರಕುಂಭ, 413802 ಎಂದು ಯಾರು ಎಲ್ಲಿ ಕುಳಿತಾದರೂ ಬರೆಯಬಹುದು. ಆದರೆ ಲಕೋಟೆ ಯಾವ ಊರಿನಲ್ಲಿ ಅಂಚೆಗೆ ಬಿದ್ದಿತೆಂಬುದನ್ನು ಠಸ್ಸೆ ಹೇಳುತ್ತದೆ. ಗಣಕಜಾಲದಲ್ಲಿಯೂ ಇಂತಹ ಠಸ್ಸೆಗಳುಂಟು. ಬರೆಹವು ಯಾವ ಯಾವ ಸೇವಾಗಣಕಗಳ ಮೂಲಕ ಸಾಗಿತು ಎಂಬ ದಾರಿಯ ಗುರುತು ಅದರ ತಲೆಭಾಗದಲ್ಲಿ ದಾಖಲಾಗುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಭಾರಿ ಸಂಖ್ಯೆಯಲ್ಲಿ ಮಿಂಚಂಚೆ ಕಳುಹಿಸುವವರು ತಮ್ಮ ವಿಳಾಸದ ಸಾಚಾತನಕ್ಕೆ ಪುರಾವೆ ಒದಗಿಸಬೇಕೆಂಬ ನಿಯಮವನ್ನು ತಂದವು. ಆದರೆ ಇವೆಲ್ಲ ಪರೀಕ್ಷಿಸುವುದು ವಿಳಾಸದ ಕೊನೆಯ ಭಾಗವನ್ನು ಮಾತ್ರ. ವಿಳಾಸಕ್ಕೆ ಮೊದಲು ನಿಂತಿರುವ ಹೆಸರನ್ನು ಪರೀಕ್ಷಿಸುವ ಯಂತ್ರವಿಲ್ಲ. ಆ ಹೆಸರಿನ ಸತ್ಯಕ್ಕೆ ಕಾವಲು ಬರೆಯುವವನ ಅಂತಃಕರಣ ಒಂದೇ.

ಆದುದರಿಂದ ನನ್ನ ಮೊದಲನೆಯ ಮಾತು: ಹತ್ತು ಜನ ಓದುವಲ್ಲಿ ಬರೆಯುವಾಗ ನಿಮ್ಮ ಹೆಸರಿನಿಂದಲೇ ಬರೆಯಿರಿ. ಕುರಕುಂಭದ ಕೈಗಾರಿಕಾ ವಸಾಹತನ್ನು ಬಲ್ಲ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾಸಾಯನಿಕ ತುಂಬಿದ ಡ್ರಮ್ಮಿನ ಮೇಲೆ ಒಳಗಿರುವುದೇನು, ತಯಾರಿಸಿದವರಾರು, ಅವರ ವಿಳಾಸವೇನು ಎಂಬುದನ್ನು ಬರೆದಿರಬೇಕೆಂದು ಅಪಾಯಕಾರಿ ರಾಸಾಯನಿಕಗಳನ್ನು ಕುರಿತ 1989ರ ನಿಯಮಗಳು ವಿಧಿಸಿವೆ. ಚೀಟಿಯಿಲ್ಲದ ಡ್ರಮ್ಮನ್ನು ಬುದ್ಧಿವಂತನಾದ ಕಾರ್ಮಿಕನು ಮುಟ್ಟುವುದಿಲ್ಲ. ಸುಳ್ಳು ಚೀಟಿ ಅಂಟಿಸಿದ ಡ್ರಮ್ಮು ಚೀಟಿಯಿಲ್ಲದ ಡ್ರಮ್ಮಿಗಿಂತಲೂ ಅಪಾಯಕರ. ಮಾತಿನ ಶಕ್ತಿಯೂ ರಾಸಾಯನಿಕದ ಶಕ್ತಿಗಿಂತ ಕಡಮೆಯದಲ್ಲ. ಅದು ಗಾಯವನ್ನು ಮಾಯಿಸಬಲ್ಲುದು, ಸುಡಲೂ ಬಲ್ಲುದು. ತನ್ನ ಹೆಸರು ಮೇಲಿದೆಯೆಂದು ಅರಿತವನು ಬರೆಯುವ ಮುಂಚೆ ಒಮ್ಮೆ ತಡೆಯುತ್ತಾನೆ. ಆ ತಡೆಯುವಿಕೆಯೇ ಸಭ್ಯತೆಯ ಆರಂಭ.

ಕವಿಗಳು ಕಾವ್ಯನಾಮ ಇಟ್ಟುಕೊಳ್ಳಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಯೋಗ್ಯವಾದ ಪ್ರಶ್ನೆ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದರು, ಮಾಸ್ತಿಯವರು ‘ಶ್ರೀನಿವಾಸ’ರಾದರು. ವಚನಕಾರರಿಗೂ ಹರಿದಾಸರಿಗೂ ಅವರವರ ಅಂಕಿತಗಳಿದ್ದವು. ಆದರೆ ಅವರಾರೂ ಹೊಣೆಯಿಂದ ನುಣುಚಿಕೊಳ್ಳಲು ಆ ಹೆಸರುಗಳನ್ನು ತೊಡಲಿಲ್ಲ. ಅಂಬಿಕೆಯ ಮಗ ದತ್ತನೆಂದರೆ ಅಲ್ಲಿ ತಾಯಿಯೂ ಇದ್ದಾಳೆ, ಮಗನೂ ಇದ್ದಾನೆ. ಒಂದೇ ಅಂಕಿತವನ್ನು ಬಾಳಿನುದ್ದಕ್ಕೂ ಹೊತ್ತವನು ಅದಕ್ಕೆ ಕಳಂಕ ತಗಲದಂತೆ ನೋಡಿಕೊಳ್ಳುತ್ತಾನೆ. ನೀವೂ ಅಂತಹ ಹೆಸರೊಂದನ್ನು ಇಟ್ಟುಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ. ಅದು ಒಂದೇ ಆಗಿರಲಿ, ನಿಮ್ಮದೇ ಆಗಿರಲಿ. ಸೋಮವಾರಕ್ಕೊಂದು ಮಂಗಳವಾರಕ್ಕೊಂದು ಹೆಸರು ತೊಟ್ಟು ಬಯ್ಯುವವನು ಕವಿಯಲ್ಲ, ಮುಸುಕುಧಾರಿ.

ನನ್ನ ಎರಡನೆಯ ಮಾತು: ಆ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಆಗಿನ ಕನ್ನಡದ ಸುದ್ದಿಗುಂಪಿನಲ್ಲಿ ಇದು ಸುಲಭವಾಗಿರಲಿಲ್ಲ. ಅಂದಿನ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿದ್ದ ಸ್ಥಾನಗಳು 128. ಅಲ್ಲಿ ಇಂಗ್ಲಿಷಿನ ಅಕ್ಷರ, ಅಂಕೆ, ಚಿಹ್ನೆಗಳಿಗೆ ಮಾತ್ರ ಎಡೆಯಿತ್ತು. ಕನ್ನಡಿಗರು ಕನ್ನಡಿಗರಿಗೆ ಕನ್ನಡದ ವಿಷಯವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾಗಿತ್ತು. ‘ಕಲಾ’ ಎಂಬ ಬಾಲಿಕೆಯು ರೋಮನ್ನಿನ ನಾಲ್ಕು ಅಕ್ಷರಗಳಲ್ಲಿ ತನ್ನ ಹೆಸರನ್ನು ಬರೆದರೆ ಓದುವವನು ಅದನ್ನು ಕಾಲವೆಂದೂ ಓದಬಹುದು, ಕಳವೆಂದೂ ಓದಬಹುದು, ಕಾಳವೆಂದೂ ಓದಬಹುದು. 1991ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಆದ ಸ್ಥಾನ ದೊರೆಯಿತು. ‘ಇಂದ’ ಎಂಬ ಸಾಲಿನಲ್ಲಿ ಇಂಗ್ಲಿಷಲ್ಲದ ಲಿಪಿಯ ಹೆಸರನ್ನು ಅಡಕಮಾಡುವ ನಿಯಮವು 1996ರಲ್ಲಿ ಈಗಿನ ರೂಪಕ್ಕೆ ಬಂದಿತು.

ಅದರ ಕೌಶಲವನ್ನು ಒಂದಿಷ್ಟು ನೋಡಿ. ‘ಬಸವ’ ಎಂಬ ಹೆಸರಿನಲ್ಲಿ ಮೂರು ಅಕ್ಷರಗಳಿವೆ. ಇಂದು ಬಳಕೆಯಲ್ಲಿರುವ ಸಂಕೇತಕ್ರಮದಲ್ಲಿ ಕನ್ನಡದ ಇಂತಹ ಒಂದೊಂದು ಅಕ್ಷರಕ್ಕೂ ಮೂರು ಬೈಟುಗಳು ಬೇಕು, ಒಟ್ಟು ಒಂಬತ್ತು. ಹಳೆಯ ಯಂತ್ರಗಳೂ ಗೊಂದಲವಿಲ್ಲದೆ ಸಾಗಿಸಲೆಂದು ಆ ಒಂಬತ್ತು ಬೈಟುಗಳನ್ನು ಇಂಗ್ಲಿಷಿನ ಹನ್ನೆರಡು ಅಕ್ಷರಗಳಾಗಿ ಪರಿವರ್ತಿಸಿ, ಎರಡು ಪಕ್ಕಗಳಲ್ಲಿ ಸಮಚಿಹ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆಗಳ ಬೇಲಿ ಹಾಕುತ್ತಾರೆ. ತಲಪಿದ ಕಡೆ ತಂತ್ರಾಂಶವು ಬೇಲಿಯನ್ನು ತೆಗೆದು ‘ಬಸವ’ ಎಂದೇ ತೋರಿಸುತ್ತದೆ. ಈ ಶ್ರಮವೆಲ್ಲ ಯಂತ್ರದ್ದು. ನೀವು ಮಾಡಬೇಕಾದುದು ಹೆಸರಿನ ಚೌಕದಲ್ಲಿ ಕನ್ನಡದಲ್ಲಿ ಬರೆಯುವುದು ಮಾತ್ರ. ಕನ್ನಡ ಬಾರದವರ ಗುಂಪಿನಲ್ಲಿ ಬರೆಯುವಾಗ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿಯೂ ಕೊಡುವುದು ಸೌಜನ್ಯ. ವಿಳಾಸವನ್ನೂ ಇಂಗ್ಲಿಷಲ್ಲದ ಲಿಪಿಗಳಲ್ಲಿ ಬರೆಯುವ ಕ್ರಮ 2012ರಲ್ಲಿ ಸಿದ್ಧವಾಗಿದೆಯಾದರೂ ಎಲ್ಲ ಸೇವಾಗಣಕಗಳೂ ಅದನ್ನು ಒಪ್ಪುವುದಿಲ್ಲ. ಆದ್ದರಿಂದ ವಿಳಾಸವು ಸದ್ಯಕ್ಕೆ ರೋಮನ್ನಿನಲ್ಲಿರಲಿ.

ಹೆಸರಿನ ಕ್ರಮವನ್ನು ಕುರಿತು ನಮ್ಮ ಮಕ್ಕಳಿಗೆ ಇರುವ ಸಂಕೋಚವನ್ನು ಇಲ್ಲಿ ಹೇಳದಿರಲಾರೆ. ಸೊಲ್ಲಾಪುರದ ಹೆದ್ದಾರಿ ಹಿಡಿದು ಕಲಬುರಗಿ, ವಿಜಯಪುರಗಳ ಕಡೆಯಿಂದ ಇತ್ತ ದುಡಿಯಲು ಬಂದವರ ಮಕ್ಕಳು ಎರಡು ಪದ್ಧತಿಗಳ ನಡುವೆ ಬೆಳೆಯುತ್ತಾರೆ. ಇಲ್ಲಿನ ಅರ್ಜಿಗಳು ಮೊದಲು ‘ಆಡನಾವ’ವನ್ನು ಕೇಳುತ್ತವೆ, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅಡ್ಡಹೆಸರು ಕೊನೆಗೆ ಬರುತ್ತದೆ. ಬೇಂದ್ರೆಯವರ ಹೆಸರು ಹಾಗಿದೆ. ಮೈಸೂರು ಸೀಮೆಯ ಕಡೆ ಊರಿನ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಹಾಗೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕಗಳನ್ನು ಮಾಡಿರುವ ಅರ್ಜಿಯು ಕುವೆಂಪು ಅವರನ್ನು ‘ಕುಪ್ಪಳಿ’ ಎಂದು ಕರೆದು, ಪುಟ್ಟಪ್ಪ ಎಂಬುದನ್ನು ಮನೆತನದ ಹೆಸರಾಗಿ ಮಾಡಿಬಿಡುತ್ತದೆ! ಸುದ್ದಿಗುಂಪಿನ ತಂತ್ರಾಂಶದಲ್ಲಿರುವುದು ಹೆಸರಿಗೆ ಒಂದೇ ಚೌಕ. ಅಲ್ಲಿ ನಿಮ್ಮ ಮನೆಯ ಕ್ರಮದಲ್ಲಿಯೇ ಬರೆಯಿರಿ, ತಡೆಯುವವರಿಲ್ಲ. ಆದರೆ ಹೆಸರಿನ ನಡುವೆ ಅಲ್ಪವಿರಾಮವನ್ನು ಹಾಕಬೇಡಿ. ಹಳೆಯ ತಂತ್ರಾಂಶಗಳು ಅದನ್ನು ಇಬ್ಬರ ಹೆಸರೆಂದು ತಿಳಿದಾವು.

ಕ್ರಮಕ್ಕಿಂತಲೂ ನನ್ನನ್ನು ಹೆಚ್ಚು ನೋಯಿಸುವುದು ಹೆಸರನ್ನು ಮುರಿಯುವ ಚಟ. ಶರಣಪ್ಪನು ‘ಶಾನ್’ ಆಗುತ್ತಾನೆ, ಮಲ್ಲಿಕಾರ್ಜುನನು ‘ಮ್ಯಾಕ್ಸ್’ ಆಗುತ್ತಾನೆ, ಭೀಮವ್ವನು ತನ್ನ ಹೆಸರನ್ನು ಹೇಳುವುದನ್ನೇ ಬಿಡುತ್ತಾಳೆ. ಅಪ್ಪ ಅವ್ವ ಎಂದು ಮುಗಿಯುವ ಹೆಸರು ನಗರದ ಗೆಳೆಯರ ಮುಂದೆ ಹಳ್ಳಿಗಾಡಿನದಾಗಿ ಕೇಳಿಸುವುದೆಂಬ ಅಳುಕು ಇದಕ್ಕೆ ಕಾರಣ. ಆ ಅಪ್ಪನೂ ಅವ್ವನೂ ಊರು ಬಿಟ್ಟು ಬಂದಾಗ ಹೊಲವನ್ನಾಗಲಿ ಮನೆಯನ್ನಾಗಲಿ ಹೊತ್ತುತರಲಿಲ್ಲ. ಹೊತ್ತುತಂದುದು ಭಾಷೆಯನ್ನು, ಈ ಹೆಸರುಗಳನ್ನು. ಅವನ್ನು ಮಕ್ಕಳು ಬೆರಳ ತುದಿಯಿಂದ ಅಳಿಸಿಹಾಕಿದರೆ ಉಳಿಯುವುದೇನು?

ಮೂರನೆಯ ಮಾತು ವಿಳಾಸವನ್ನು ಕುರಿತದ್ದು. ಇಲ್ಲಿ ಪ್ರಾಮಾಣಿಕತೆಯ ಜೊತೆಗೆ ಎಚ್ಚರವೂ ಬೇಕು. 1994ರ ಏಪ್ರಿಲ್ 12ರಂದು ಅಮೆರಿಕದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿಗಳು ವಲಸೆಗಾರರ ‘ಗ್ರೀನ್ ಕಾರ್ಡ್’ ಲಾಟರಿಯನ್ನು ಕುರಿತ ತಮ್ಮ ಜಾಹೀರಾತನ್ನು ಐದು ಸಾವಿರಕ್ಕೂ ಮೀರಿದ ಸುದ್ದಿಗುಂಪುಗಳಲ್ಲಿ ಏಕಕಾಲಕ್ಕೆ ಸುರಿದರು. ಕೇಳದೆ ಬರುವ ಜಾಹೀರಾತುಗಳ ಯುಗ ಅಲ್ಲಿಂದ ಬಿರುಸಾಯಿತು. ಗುಂಪುಗಳಲ್ಲಿ ಕಾಣುವ ವಿಳಾಸಗಳನ್ನು ಹೆಕ್ಕಿ ಮಾರುವ ಯಂತ್ರಗಳೂ ಹುಟ್ಟಿಕೊಂಡವು. ಇದರಿಂದ ಬೇಸತ್ತವರು ವಿಳಾಸವನ್ನು ಮರೆಮಾಡತೊಡಗಿದರು. ಬಾಯಿಗೆ ಬಂದ ವಿಳಾಸವನ್ನು ಬರೆದರೆ ಅದು ಎಲ್ಲೋ ಇರುವ ಬೇರೊಬ್ಬರದಾಗಿರಬಹುದು. ನಮಗೆ ಬರಬೇಕಾದ ಕಸವೆಲ್ಲ ಆ ನಿರಪರಾಧಿಯ ಬಾಗಿಲಿಗೆ ಬೀಳುತ್ತದೆ. ಈ ತೊಡಕಿಗೆ ಸಭ್ಯವಾದ ಪರಿಹಾರವೊಂದು 1999ರಲ್ಲಿ ದೊರೆಯಿತು. ವಿಳಾಸವು ‘ಇನ್‌ವ್ಯಾಲಿಡ್’ ಎಂಬ ಪದದಿಂದ ಮುಗಿದರೆ ಅದು ಯಾರದೂ ಅಲ್ಲ, ಎಂದಿಗೂ ಯಾರದೂ ಆಗುವುದಿಲ್ಲ ಎಂದು ಗೊತ್ತುಮಾಡಲಾಯಿತು. ವಿಳಾಸವನ್ನು ಮುಚ್ಚಲೇಬೇಕಾದವರು ಅದನ್ನು ಬಳಸಲಿ. ‘ನನ್ನ ವಿಳಾಸವನ್ನು ಇಲ್ಲಿ ಕೊಟ್ಟಿಲ್ಲ’ ಎಂದು ನೇರವಾಗಿ ಹೇಳುವುದಕ್ಕೂ ಸುಳ್ಳು ವಿಳಾಸವನ್ನು ಕೊಡುವುದಕ್ಕೂ ಬಹಳ ಅಂತರವಿದೆ. ಮಿಂಚಂಚೆಯಲ್ಲಾದರೆ ಇದು ಸಲ್ಲದು. ಉತ್ತರ ಬರುವ ವಿಳಾಸವೇ ಅಲ್ಲಿ ಇರಬೇಕು.

ಹೆಣ್ಣುಮಕ್ಕಳು ತಮ್ಮ ಪೂರ್ಣ ಹೆಸರನ್ನು ಲೋಕದ ಮುಂದೆ ಇಡುವುದು ಕ್ಷೇಮವೇ ಎಂದು ತಾಯ್ತಂದೆಗಳು ಕೇಳುವುದುಂಟು. ಆ ಭಯ ನಿರಾಧಾರವಲ್ಲ. ನನ್ನ ಅಭಿಪ್ರಾಯದಲ್ಲಿ ಸತ್ಯವನ್ನು ಹೇಳುವುದೆಂದರೆ ಎಲ್ಲವನ್ನೂ ಹೇಳುವುದೆಂದಲ್ಲ. ಸ್ವಂತ ಹೆಸರೊಂದೇ ಸಾಕು. ಅಡ್ಡಹೆಸರು ಬೇಡವೆಂದರೆ ಬಿಡಿ. ಹುಡುಗರಾಗಲಿ ಹುಡುಗಿಯರಾಗಲಿ, ಬರೆಹದ ಕೆಳಗಿನ ಒಕ್ಕಣೆಯಲ್ಲಿ ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ಶಾಲೆಗೆ ಹೋಗಿಬರುವ ವೇಳೆ ಇವನ್ನು ಎಂದಿಗೂ ಬರೆಯಬಾರದು. ಖಾತೆಯನ್ನು ತೆರೆಯುವಾಗ ಹಿರಿಯರು ಪಕ್ಕದಲ್ಲಿರಲಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳನ್ನು ಬಳಸುವವರು ಪಾಲಕರ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ.

ಬರೆಯುವವನ ಧರ್ಮದಂತೆ ಓದುವವನ ಧರ್ಮವೂ ಒಂದುಂಟು. ಹೆಸರಿನ ಚೌಕದಲ್ಲಿ ಏನನ್ನು ಬೇಕಾದರೂ ಬರೆಯಬಹುದೆಂದು ತಿಳಿದ ಮೇಲೆ, ಬ್ಯಾಂಕಿನ ಹೆಸರಿನಲ್ಲಿಯೋ ಮುಖ್ಯೋಪಾಧ್ಯಾಯರ ಹೆಸರಿನಲ್ಲಿಯೋ ಹಣ ಅಥವಾ ಗುಪ್ತಸಂಖ್ಯೆಯನ್ನು ಕೇಳುವ ಪತ್ರ ಬಂದರೆ ಹೆಸರನ್ನು ನೋಡಿ ಮರುಳಾಗಬೇಡಿ. ಕೋನಾವರಣದೊಳಗಿನ ವಿಳಾಸವನ್ನು ಕೊನೆಯ ಅಕ್ಷರದವರೆಗೂ ಓದಿ. ಆಮೇಲೂ ಸಂಶಯವಿದ್ದರೆ ಅವರನ್ನು ನೇರವಾಗಿ ಕಂಡು ಕೇಳಿ. ಮನೆಯಲ್ಲಿ ಇಂತಹ ಪತ್ರಗಳನ್ನು ಓದಿ ಹೇಳುವವರು ಅನೇಕ ವೇಳೆ ನೀವೇ ಆಗಿರುವುದರಿಂದ ಈ ಎಚ್ಚರ ಮನೆಮಂದಿಗೆಲ್ಲ ರಕ್ಷೆ. ಇನ್ನೊಬ್ಬರ ಹೆಸರನ್ನು ತೊಟ್ಟು ಗಣಕದ ಮೂಲಕ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆಮನೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟೆಂಬುದನ್ನು ‘ತಮಾಷೆಗೆಂದು ಮಾಡಿದೆ’ ಎನ್ನುವ ಗೆಳೆಯರಿಗೆ ತಿಳಿಸಿ.

ವಿದ್ಯಾರ್ಥಿಗಳೇ, ಮುಂದಿನ ಸಲ ಯಾವುದಾದರೂ ತಂತ್ರಾಂಶವು ‘ನಿಮ್ಮ ಹೆಸರೇನು?’ ಎಂದು ಕೇಳಿದಾಗ ಅವಸರದಿಂದ ಏನನ್ನೋ ಒತ್ತಿ ಮುಂದೆ ಸಾಗಬೇಡಿ. ಹೊಸ ಊರಿನಲ್ಲಿ ಹಿರಿಯರೊಬ್ಬರು ‘ಯಾರಪ್ಪಾ ನೀನು?’ ಎಂದು ಕೇಳಿದರೆ ನೆಟ್ಟಗೆ ನಿಂತು ಹೇಗೆ ಹೇಳುವಿರೋ ಹಾಗೆ ಉತ್ತರಿಸಿ. ಆ ಉತ್ತರ ಸತ್ಯವಾಗಿರಲಿ, ಕನ್ನಡದಲ್ಲಿರಲಿ, ಹತ್ತು ವರ್ಷಗಳ ಮೇಲೆ ಓದಿದರೂ ನಾಚದೆ ಒಪ್ಪಿಕೊಳ್ಳುವಂತಿರಲಿ.